ಕಾಲಿಗೆ ದಾರಿಯೋ, ಗಾಲಿಗೆ ದಾರಿಯೋ?

ಪ್ರಶ್ನೆ: ಕಳೆದ ತಿಂಗಳು ನಮ್ಮ ಬೀದಿಯ ಆರು ಜನ ಹೆಂಗಸರು ನಂದಿ ಬೆಟ್ಟಕ್ಕೆ ಹೋಗಿದ್ದೆವು. ಸುಲ್ತಾನಪೇಟೆ ಕಡೆಯಿಂದ ಮೆಟ್ಟಿಲು ಹತ್ತಿದೆವು. ಇಳಿಯುವಾಗ ಮಂಡಿ ನೋವೆಂದು ಟಾರು ರಸ್ತೆ ಹಿಡಿದೆವು. ತಿರುವೊಂದರಲ್ಲಿ ಸೈಕಲ್ಲಿನವರು ಸುಯ್ಯೆಂದು ನಮ್ಮ ಸೆರಗು ಸವರಿಕೊಂಡೇ ಹೋದರು. ಆಮೇಲೊಂದು ಭಾನುವಾರ ಮಗ ಆವಲಹಳ್ಳಿ ಕಾಡಿಗೆ ಕರೆದೊಯ್ದ. ಅಲ್ಲಿ ಕಾಲುದಾರಿಯಲ್ಲೇ ದಪ್ಪ ಟೈರಿನ ಸೈಕಲ್ಲುಗಳು! ಕಾಡಿನೊಳಗೆ ಸೈಕಲ್ ಹೊಡೆಯಲು ಅಪ್ಪಣೆ ಇದೆಯೆ? ಇದ್ದರೆ ಯಾರು ಯಾರಿಗೆ ದಾರಿ ಬಿಡಬೇಕು? ಇದರಿಂದ ಕಾಡು ಹಾಳಾಗುವುದಿಲ್ಲವೆ? ಮುಂದಿನ ಸಲ ಕೈಯಲ್ಲೊಂದು ಕೋಲು ಹಿಡಿದುಕೊಂಡೇ ಹೋಗು ಅನ್ನುತ್ತಾರೆ ನಮ್ಮ ಯಜಮಾನರು.
— ಒಬ್ಬ ನಿವೃತ್ತ ಶಿಕ್ಷಕಿ, ಬೆನ್ಸನ್ ಟೌನ್

ಉತ್ತರ: ಮೇಡಂ, ನಿಮ್ಮ ಬಡಾವಣೆಯ ಮಗ್ಗುಲಲ್ಲಿ ಹಾದುಹೋಗುವ ದೊಡ್ಡ ರಸ್ತೆಯ ಹೆಸರೇ ನಂದಿದುರ್ಗ ರಸ್ತೆ. ಅಲ್ಲಿಂದ ಜಯಮಹಲ್, ಮೇಖ್ರಿ ವೃತ್ತ, ಹೆಬ್ಬಾಳ, ದೇವನಹಳ್ಳಿ ಎಂದು ದಾಟುತ್ತ ಹೋದರೆ ಬೆಟ್ಟದ ಬುಡ ಮುಟ್ಟುತ್ತೀರಿ. ಭಾನುವಾರ ನಸುಕಿನಲ್ಲಿ ಹಾಲಿನ ಪ್ಯಾಕೆಟ್ಟಿಗೆಂದು ಬಾಗಿಲು ತೆಗೆದರೆ, ಬೆನ್ನ ಹಿಂದೆ ಕೆಂಪು ದೀಪ ಮಿಣುಕಿಸುತ್ತ ಬಳ್ಳಾರಿ ರಸ್ತೆಯ ಕಡೆ ಹೊರಟ ಸವಾರರು ಕಂಡಾರು. ನಿಮ್ಮ ಸೆರಗು ಸವರಿದವರು ಎಲ್ಲಿಂದಲೋ ಬಂದವರೇನಲ್ಲ. ನಿಮ್ಮ ಪಕ್ಕದ ಕ್ರಾಸಿನವರೇ ಇದ್ದರೂ ಇರಬಹುದು. ಸಿಟ್ಟು ಮಾಡಿಕೊಳ್ಳುವ ಮೊದಲು ಇದೊಂದು ಗೊತ್ತಿರಲಿ.

ಉತ್ತರ ಚಿಕ್ಕದು: ಗಾಲಿ ಕಾಲಿಗೆ ದಾರಿ ಬಿಡಬೇಕು. ಏಕೆ ಎಂಬುದು ಸ್ವಲ್ಪ ಉದ್ದ.

ಮೊದಲು ಲೆಕ್ಕದಿಂದಲೇ ಶುರುಮಾಡೋಣ. ನೀವು ಶಿಕ್ಷಕಿ, ಬೇಸರವಾಗದು. ಇಳಿಜಾರಿನಲ್ಲಿ ಗಂಟೆಗೆ 30 ಕಿ.ಮೀ. ವೇಗ ಸೈಕಲ್ಲಿಗೆ ದೊಡ್ಡದೇನಲ್ಲ. ಪೆಡಲ್ ತುಳಿಯದಿದ್ದರೂ ಬರುತ್ತದೆ. ಅಂದರೆ ಸೆಕೆಂಡಿಗೆ ಎಂಟು ಮೀಟರ್‌ಗೂ ಹೆಚ್ಚು. ತಿರುವಿನಾಚೆ ನಿಮ್ಮನ್ನು ಕಂಡು, ಅಯ್ಯೋ ಅಂದುಕೊಂಡು, ಬೆರಳು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಸಡಿಲ ಜಲ್ಲಿಮಣ್ಣಿನ ಮೇಲೆ ಗಾಲಿ ಜಾರದಂತೆ ನಿಲ್ಲಿಸಲು ಇನ್ನೂ ಎಂಟೊಂಬತ್ತು ಮೀಟರ್ ಬೇಕು. ಒಟ್ಟು ಹದಿನೇಳು ಮೀಟರ್ ಆಯಿತು. ಲಂಟಾನ ಬೆಳೆದ ಕಾಲುದಾರಿಯ ತಿರುವಿನಲ್ಲಿ ಕಣ್ಣಿಗೆ ಸಿಗುವುದು ಎಷ್ಟು ದೂರ? ಹತ್ತು ಮೀಟರ್ ಸಿಕ್ಕರೆ ಪುಣ್ಯ. ಆ ಏಳು ಮೀಟರ್ ಕೊರತೆಯಲ್ಲಿ ನೀವು ನಿಂತಿರುತ್ತೀರಿ. ಅದೇ ಸವಾರ 15 ಕಿ.ಮೀ.ಗೆ ಇಳಿಸಿದರೆ ಆರೇಳು ಮೀಟರಿನಲ್ಲಿ ನಿಂತುಬಿಡುತ್ತಾನೆ. ವೇಗ ಅರ್ಧವಾದರೆ ಬೇಕಾಗುವ ಜಾಗ ಅರ್ಧಕ್ಕಿಂತಲೂ ಕಡಿಮೆ. ನಡೆಯುವವರು ಎಷ್ಟೇ ಚುರುಕಿದ್ದರೂ ಈ ಲೆಕ್ಕದಲ್ಲಿ ಅವರು ಕೂಡಿಸಬಲ್ಲದ್ದು ಒಂದೆರಡು ಹೆಜ್ಜೆ. ಉಳಿದದ್ದೆಲ್ಲ ಸವಾರನ ಬೆರಳಲ್ಲಿದೆ. ಆದ್ದರಿಂದ ಹೊಣೆಯೂ ಅವನದೇ.

ಈ ತಕರಾರು ನಮ್ಮೂರಿನಲ್ಲಿ ಹುಟ್ಟಿದ್ದಲ್ಲ. ಬೆಟ್ಟದ ಸೈಕಲ್ಲಿನ ತವರು ಎಂದು ಹೇಳುವ ಜಾಗ ಅಮೆರಿಕದ ಕ್ಯಾಲಿಫೋರ್ನಿಯಾದ ಮೌಂಟ್ ಟಮಾಲ್ಪಾಯಸ್, ಸ್ಯಾನ್ ಫ್ರಾನ್ಸಿಸ್ಕೋ ಮಗ್ಗುಲಿನ ಒಂದು ಕಾಡುಬೆಟ್ಟ. 1970ರ ದಶಕದಲ್ಲಿ ಅಲ್ಲಿನ ಹುಡುಗರು ಗುಜರಿಯಲ್ಲಿದ್ದ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಮೇಲಕ್ಕೆ ಸಾಗಿಸಿ ಇಳಿಜಾರಿನಲ್ಲಿ ಬಿಟ್ಟುಕೊಂಡು ಬರುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಅದನ್ನೇ ಪಂದ್ಯ ಮಾಡಿದರು. ಪಂದ್ಯದ ಹೆಸರು ‘ರೀಪ್ಯಾಕ್’. ಆ ಸೈಕಲ್ಲುಗಳಲ್ಲಿದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಳೆಯ ಬ್ರೇಕು. ಒಂದು ಸಲ ಇಳಿದರೆ ಸಾಕು, ಹಬ್ಬಿನೊಳಗಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಗ್ರೀಸ್ ತುಂಬಬೇಕಿತ್ತು. ಹೆಸರು ಬಂದದ್ದು ಹಾಗೆ. ಅಲ್ಲಿ ಸೈಕಲ್ಲಿನ ಚಟ ಹುಟ್ಟಿದ ಹಿಂದೆಯೇ ನಡೆಯುವವರ ದೂರೂ ಹುಟ್ಟಿತು. ಕೊನೆಗೆ ಅಗಲವಾದ ಬೆಂಕಿರೇಖೆಯ ದಾರಿಗಳಲ್ಲಿ ಸೈಕಲ್ಲಿಗೆ ಗಂಟೆಗೆ 15 ಮೈಲಿಯ ಮಿತಿ ಬಂತು. ಕುರುಡು ತಿರುವಿನಲ್ಲಿ, ಜನರನ್ನು ದಾಟುವಲ್ಲಿ 5 ಮೈಲಿ, ಅಂದರೆ ಸುಮಾರು 8 ಕಿ.ಮೀ. ನಡಿಗೆಗಿಂತ ತುಸು ಜೋರು, ಅಷ್ಟೆ. ಇಂಗ್ಲೆಂಡಿನಲ್ಲಿ ಇನ್ನೂ ಹಿಂದೆ, 1968ರ ಕಾಯ್ದೆಯಲ್ಲಿ, ಕುದುರೆ ದಾರಿಗಳಲ್ಲಿ ಸೈಕಲ್ಲಿಗೆ ಅವಕಾಶ ಕೊಟ್ಟಾಗಲೇ ಒಂದು ಷರತ್ತು ಹಾಕಿದ್ದರು: ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡತಕ್ಕದ್ದು. ಎರಡೂ ಕಡೆ ತೀರ್ಪು ಒಂದೇ.

ನಮ್ಮಲ್ಲಿ ಅದು ತಲೆಕೆಳಗಾಗಿ ಕಾಣುವುದಕ್ಕೆ ನಮ್ಮ ಊರಿನ ರಸ್ತೆಗಳೇ ಕಾರಣ ಎಂದು ನನ್ನ ಅನುಮಾನ. ಊರೊಳಗೆ ನಾವು ಕಲಿತ ಪಾಠ ಏನು? ಲಾರಿಗೆ ಕಾರು ಜಾಗ ಬಿಡಬೇಕು, ಕಾರಿಗೆ ಆಟೋ, ಆಟೋಗೆ ಸೈಕಲ್ಲು, ಎಲ್ಲಕ್ಕೂ ಕಾಲ್ನಡಿಗೆಯವನು. ಹಾರನ್ ಯಾರದು ದೊಡ್ಡದೋ ದಾರಿ ಅವರದು. ವಾರವೆಲ್ಲ ಔಟರ್ ರಿಂಗ್ ರೋಡಿನಲ್ಲಿ ಕಾರುಗಳಿಂದ ಒತ್ತಿಸಿಕೊಂಡ ಅದೇ ಸವಾರ ಭಾನುವಾರ ಬೆಟ್ಟದಲ್ಲಿ ನಿಮ್ಮನ್ನು ಒತ್ತುತ್ತಾನೆ. ಬೆಟ್ಟದ ಮೇಲೆ ಅವನೇ ಲಾರಿ!

ಹಾಗೆಂದು ಬೆಟ್ಟದ ನಿಯಮ ನಮಗೆ ಗೊತ್ತಿಲ್ಲವೆಂದೂ ಅಲ್ಲ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ನೋಡಿ. ಇಕ್ಕಟ್ಟಿನಲ್ಲಿ ಎರಡು ಗಾಡಿ ಎದುರಾದರೆ ಇಳಿಯುತ್ತಿರುವುದು ನಿಲ್ಲುತ್ತದೆ, ಏರುತ್ತಿರುವುದು ಮುಂದೆ ಹೋಗುತ್ತದೆ. ಇದು ಚಾಲಕರ ಸಜ್ಜನಿಕೆ ಮಾತ್ರವಲ್ಲ. ರಸ್ತೆ ನಿಯಮಗಳಲ್ಲೇ ಬರೆದಿಟ್ಟದ್ದು. ಮೋಟಾರು ವಾಹನಕ್ಕೆಂದು ಮಾಡಿದ ನಿಯಮ ಸೈಕಲ್ಲಿಗೂ ಕಾಲಿಗೂ ಅಕ್ಷರಶಃ ಅನ್ವಯಿಸದೆ ಇರಬಹುದು. ಅದರ ಹಿಂದಿನ ಬುದ್ಧಿ ಮಾತ್ರ ಎಲ್ಲರಿಗೂ ಒಪ್ಪುತ್ತದೆ. ಏರುವವನು ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ, ಇಳಿಯುವವನಿಗೆ ಬ್ರೇಕು ಬಿಟ್ಟರೆ ಸಾಕು.

ಇಲ್ಲೇ ನಿಮಗೂ ಒಂದು ಕೆಲಸ ಬರುತ್ತದೆ. ನಂದಿಯ ಟಾರು ರಸ್ತೆಯಲ್ಲಿ, ಬುಡದಿಂದ ತುದಿಗೆ ಸುಮಾರು ಏಳೂವರೆ ಕಿ.ಮೀ. ಏರಿನಲ್ಲಿ, ಏದುಸಿರು ಬಿಡುತ್ತ ಹತ್ತುವ ಸವಾರನ ವೇಗ ನಿಮ್ಮ ನಡಿಗೆಯ ಒಂದೂವರೆಪಟ್ಟು ಇದ್ದರೆ ಹೆಚ್ಚು. ಅವನಿಂದ ಯಾರಿಗೂ ಅಪಾಯವಿಲ್ಲ. ನಿಂತರೆ ಮಾತ್ರ ಅವನ ಕತೆ ಮುಗಿಯಿತು. ಅಂಥವನು ಹಿಂದೆ ಬಂದರೆ ಎರಡು ಹೆಜ್ಜೆ ಸರಿದು ಬಿಟ್ಟುಬಿಡಿ. ನಿಯಮ ನಿಮ್ಮ ಕಡೆಯೇ ಇದ್ದರೂ ಬಿಡಿ. ಇಳಿಯುವವನಿಗೆ ಈ ರಿಯಾಯಿತಿ ಬೇಡ.

ಆರು ಜನ ಹೋಗಿದ್ದೆವು ಎಂದಿರಿ. ಸಾಲಾಗಿ ನಡೆದಿರೋ, ಮಾತಾಡುತ್ತ ರಸ್ತೆಯಗಲಕ್ಕೂ ಹರಡಿಕೊಂಡೋ? ನಾನಂತೂ ಗೆಳೆಯರ ಜೊತೆ ಹೋದರೆ ಎರಡನೆಯ ಪಂಗಡದವನೇ. ಒಮ್ಮೆ ಹಿಂದಿನಿಂದ ಸೈಕಲ್ ಬಂದಾಗ ನಾವು ನಾಲ್ವರು ಕೋಳಿಗಳ ಹಾಗೆ ಇಬ್ಬರು ಈ ಕಡೆ, ಇಬ್ಬರು ಆ ಕಡೆ ಚದುರಿದೆವು. ಅದು ಸರಿಯೇ ಇತ್ತು. ಆದರೆ ನಮ್ಮಲ್ಲೊಬ್ಬ, ಒಂಟಿಯಾದೆನೋ ಎಂಬಂತೆ, ಕೊನೆಯ ಗಳಿಗೆಯಲ್ಲಿ ದಾರಿಗಡ್ಡ ಓಡಿ ಬಂದ. ಸೈಕಲ್ಲಿನಲ್ಲಿದ್ದ ಹುಡುಗಿ ನಮ್ಮ ಮೇಲೆ ಬೀಳುವ ಬದಲು ಲಂಟಾನದ ಪೊದೆಗೆ ಬಿದ್ದಳು. ಮೈಯೆಲ್ಲ ಗೀರು. ತಪ್ಪು ಯಾರದೆಂದು ಈಗಲೂ ಯೋಚಿಸುತ್ತೇನೆ. ಆಗಿನಿಂದ ನಾವು ಮಾಡಿಕೊಂಡ ರೂಢಿ ಇದು: ಎಲ್ಲರೂ ಒಂದೇ ಬದಿಗೆ ಸರಿಯುವುದು, ಆ ಬದಿ ಕಮರಿಯ ಕಡೆಯದಲ್ಲ, ಬೆಟ್ಟದ ಕಡೆಯದು, ಸರಿದ ಮೇಲೆ ಅಲ್ಲಾಡದೆ ನಿಲ್ಲುವುದು. ಅಲ್ಲಾಡದೆ ನಿಂತವರನ್ನು ಎಂಥ ಸವಾರನೂ ತಪ್ಪಿಸಿಕೊಂಡು ಹೋಗಬಲ್ಲ. ಟಾರು ರಸ್ತೆಯಲ್ಲಿ ಮಾತ್ರ ಬಲಬದಿಯಲ್ಲೇ, ಎದುರು ಬರುವ ಗಾಡಿ ಕಾಣುವ ಹಾಗೆ ನಡೆಯಿರಿ. ಮಂಜು ಕವಿದ ಬೆಳಿಗ್ಗೆ ತಿಳಿಬಣ್ಣದ ಬಟ್ಟೆ ಇರಲಿ. ಕಿವಿಗೆ ಹಾಡಿನ ಗುಂಡಿ ಸಿಕ್ಕಿಸಿಕೊಂಡು ಬರುವ ಮೊಮ್ಮಕ್ಕಳಿದ್ದರೆ, ಒಂದು ಕಿವಿಯದನ್ನಾದರೂ ತೆಗೆಸಿ.

ಏಕೆಂದರೆ ಈಗಿನ ಸೈಕಲ್ಲಿಗೆ ಸದ್ದಿಲ್ಲ. ನಾವು ಒಳಪೆಡ್ಲು ಹೊಡೆದು ಕಲಿತ ಸೈಕಲ್ಲು ಒಂದು ಫರ್ಲಾಂಗ್ ದೂರದಿಂದಲೇ ತನ್ನ ಮಡ್‌ಗಾರ್ಡು, ಚೈನು, ಸ್ಟ್ಯಾಂಡುಗಳ ಸಮೇತ ಬರುವ ಸುದ್ದಿ ಹೇಳುತ್ತಿತ್ತು. ಮೇಲೆ ಟ್ರಿಣ್ ಟ್ರಿಣ್ ಬೆಲ್ಲು ಬೇರೆ. ಇವತ್ತಿನ ಲಕ್ಷ ರೂಪಾಯಿಯ ಸೈಕಲ್ಲಿನಲ್ಲಿ ನೂರು ರೂಪಾಯಿಯ ಬೆಲ್ಲು ಇರುವುದಿಲ್ಲ, ಭಾರ ಹೆಚ್ಚಾಗುತ್ತದಂತೆ! ಆದರೂ ಒಂದು ಗುರುತಿದೆ. ಪೆಡಲ್ ತುಳಿಯದೆ ಇಳಿಯುವಾಗ ಹಿಂದಿನ ಗಾಲಿಯ ಹಬ್ಬು ಜೀರುಂಡೆಯ ಹಾಗೆ ಟಿಕಿಟಿಕಿ ಎನ್ನುತ್ತದೆ. ಆ ಸದ್ದು ಕೇಳಿತೋ, ಇಳಿಯುವ ಸೈಕಲ್ಲು ಹತ್ತಿರದಲ್ಲಿದೆ ಎಂದೇ ಅರ್ಥ. ಸವಾರರಲ್ಲಿ ಕೆಲವರು ಹಿಂದಿನಿಂದ ‘ಆನ್ ಯುವರ್ ಲೆಫ್ಟ್’ (ನಿಮ್ಮ ಎಡಗಡೆಯಿಂದ ದಾಟುತ್ತಿದ್ದೇನೆ) ಎಂದು ಕೂಗುವುದನ್ನು ಹೊರಗಿನಿಂದ ಕಲಿತಿದ್ದಾರೆ. ನಮ್ಮವರಿಗೆ ಅದರಲ್ಲಿ ಕೇಳಿಸುವುದು ‘ಲೆಫ್ಟ್’ ಒಂದೇ. ಸರಿಯಾಗಿ ಎಡಕ್ಕೇ ಹೋಗಿ ಸೈಕಲ್ಲಿಗೆ ಎದುರಾಗುತ್ತಾರೆ. ನಿಮ್ಮ ರಸೆಲ್ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಬರುವ ಹಮಾಲಿಯಿಂದ ಇವರು ಪಾಠ ಕಲಿಯಬೇಕು. ‘ಸೈಡ್, ಸೈಡ್’ ಎಂದು ದೂರದಿಂದಲೇ ಶುರುಮಾಡಿ, ನೀವು ಸರಿಯುವವರೆಗೂ ಅವನು ಹೆಜ್ಜೆ ತಗ್ಗಿಸಿರುತ್ತಾನೆ. ಹಿಂದೆ ಇನ್ನೂ ಇಬ್ಬರಿದ್ದರೆ ‘ಇನ್ನಿಬ್ಬರು ಬರ್ತಿದಾರಮ್ಮ’ ಎಂದು ಹೇಳಿ ಹೋದರೆ ಇನ್ನೂ ಒಳ್ಳೆಯದು. ಬಹಳ ಸಲ ಡಿಕ್ಕಿಯಾಗುವುದು ಮೊದಲನೆಯವನ ಜೊತೆಗಲ್ಲ, ಅವನು ಹೋದನೆಂದು ನಾವು ದಾರಿಗೆ ಕಾಲಿಟ್ಟಾಗ ಬರುವ ಎರಡನೆಯವನ ಜೊತೆ.

ಇನ್ನು ಅಪ್ಪಣೆಯ ಮಾತು. ಇಲ್ಲಿ ಭಾಷೆಯದೇ ಒಂದು ತಮಾಷೆ ಇದೆ. ಅವರು ತಮ್ಮ ಸವಾರಿಗೆ ‘ಮೌಂಟನ್ ಬೈಕ್’ ಎನ್ನುತ್ತಾರೆ, ಚಿಕ್ಕದಾಗಿ ಎಂಟಿಬಿ. ನಮ್ಮ ಕನ್ನಡದಲ್ಲಿ ಬೈಕೆಂದರೆ ಪೆಟ್ರೋಲು ಕುಡಿಯುವುದು. ‘ಬೈಕ್‌ಗಳಿಗೆ ಪ್ರವೇಶವಿಲ್ಲ’ ಎಂಬ ಹಲಗೆಯ ಮುಂದೆ ಸೈಕಲ್ಲಿನವನು ಇದು ನನಗಲ್ಲ ಅನ್ನುತ್ತಾನೆ, ಗಾರ್ಡು ನಿನಗೇ ಅನ್ನುತ್ತಾನೆ. ಇಬ್ಬರೂ ಸರಿ! ಕಾನೂನು ಈ ಜಗಳಕ್ಕೆ ಇಳಿಯುವುದಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯಕ್ಕೆ ಅಪ್ಪಣೆಯಿಲ್ಲದೆ ನುಗ್ಗುವುದು ಅಪರಾಧ. ಅಭಯಾರಣ್ಯವಾದರೆ 1972ರ ವನ್ಯಜೀವಿ ಕಾಯ್ದೆ ಇನ್ನೂ ಬಿಗಿ. ಎರಡೂ ಮೊದಲು ಕೇಳುವುದು ಅಪ್ಪಣೆ ಇದೆಯೇ ಎಂದು. ಕಾಲಲ್ಲಿ ಬಂದೆಯೋ ಗಾಲಿಯಲ್ಲಿ ಬಂದೆಯೋ ಎಂಬುದು ಆಮೇಲಿನ ಮಾತು. ಅಂದರೆ ಅಪ್ಪಣೆಯಿಲ್ಲದ ಕಾಡಿನಲ್ಲಿ ಸೈಕಲ್ಲಿನವನು ಎಷ್ಟು ತಪ್ಪಿತಸ್ಥನೋ ನಾವೂ ಅಷ್ಟೇ ತಪ್ಪಿತಸ್ಥರು. ನಡೆಯುವವರು ಇದನ್ನು ಸುಲಭವಾಗಿ ಮರೆಯುತ್ತಾರೆ. 2022ರ ಫೆಬ್ರವರಿಯಲ್ಲಿ ನಂದಿಯ ಪಕ್ಕದ ಬ್ರಹ್ಮಗಿರಿಯ ಬಂಡೆಗಳಲ್ಲಿ ಒಬ್ಬ ವಿದ್ಯಾರ್ಥಿ ಜಾರಿ ಸಿಕ್ಕಿಕೊಂಡು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರೇ ಬಂದು ಎತ್ತಬೇಕಾಯಿತು. ಅವನೂ ಹೋದದ್ದು ನಡೆದೇ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಜಾತ್ರೆಯ ಹಾಗೆ ಜನ ಸೇರಿದ ಮೇಲೆ ಸರ್ಕಾರ ಕೆಲಕಾಲ ಚಾರಣವನ್ನೇ ತಡೆಯಿತು. ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ಮುಂಗಡ ಟಿಕೆಟ್ಟಿನ ವ್ಯವಸ್ಥೆ ಬಂತು. ಕಾಡಿನ ಬೆಟ್ಟ ಹತ್ತುವ ಯೋಚನೆ ಇದ್ದರೆ ಹೊರಡುವ ಮೊದಲು ಅದನ್ನು ನೋಡಿಕೊಳ್ಳಿ.

ಆವಲಹಳ್ಳಿಯದು ಬೇರೆಯೇ ಬಗೆ. (ನಿಮ್ಮ ಪೂರ್ವದ ಕಡೆಯವರಿಗೆ ಒಂದು ಎಚ್ಚರಿಕೆ: ಇದು ಕೆ.ಆರ್. ಪುರದಾಚೆ ಹಳೆ ಮದ್ರಾಸ್ ರಸ್ತೆಯ ಆವಲಹಳ್ಳಿಯಲ್ಲ, ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯ ಸಿಂಗನಾಯಕನಹಳ್ಳಿ ಬಳಿಯದು. ಆಟೋದವನಿಗೆ ಬರೀ ಹೆಸರು ಹೇಳಿ ಕೂತವರು ತಿರುಗಿ ಬಂದದ್ದುಂಟು.) ಅದು ಬಹುಕಾಲದಿಂದ ಸೈಕಲ್ಲಿನವರು ಗಾಲಿ ಪಳಗಿಸಿಕೊಳ್ಳುವ ಜಾಗ, ನೀಲಗಿರಿ ಮರಗಳ ನಡುವಿನ ಅಂಕುಡೊಂಕು ದಾರಿಗಳಲ್ಲಿ ಹಲವು ಅವರ ಓಡಾಟದಿಂದಲೇ ಎದ್ದು ಕಂಡವು. ಅಲ್ಲಿ ನಾವು ನಡೆಯುವವರೇ ಆಮೇಲೆ ಬಂದ ನೆಂಟರು. ಆದ್ದರಿಂದ ಅಲ್ಲಿ ಅಗಲದ ದಾರಿ ಹಿಡಿಯಿರಿ. ಗಾಲಿಯ ಗುರುತು ಮಾತ್ರ ಬಿದ್ದ, ತಿರುವಿನಲ್ಲಿ ಮಣ್ಣಿನ ಕಟ್ಟೆ ಎದ್ದ ಸಣ್ಣ ಜಾಡು ಕಂಡರೆ ಅದನ್ನು ಅವರಿಗೆ ಬಿಡಿ.

ಕನಕಪುರ ರಸ್ತೆಯ ತುರಹಳ್ಳಿ ಕಾಡನ್ನೂ ನೆನೆಯಬೇಕು. ಅಲ್ಲಿ ನಡೆಯುವವರು, ಸೈಕಲ್ಲಿನವರು, ಬಂಡೆ ಹತ್ತುವವರು, ಹಕ್ಕಿ ನೋಡುವವರು ಒಬ್ಬರ ಮೇಲೊಬ್ಬರು ಗೊಣಗಿಕೊಂಡೇ ಇದ್ದರು. 2021ರ ಫೆಬ್ರವರಿಯಲ್ಲಿ ಆ ಕಾಡಿನಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಎಲ್ಲರೂ ಒಟ್ಟಿಗೆ ರಸ್ತೆಗೆ ಬಂದರು, ಯೋಜನೆ ನಿಂತಿತು. ಕಾಡಿಗೆ ಸಿಮೆಂಟು ಬರುತ್ತದೆಂದಾಗ ಗೊಣಗುವವರೆಲ್ಲ ಒಂದೇ ಸಾಲಿನಲ್ಲಿ ನಿಂತಿದ್ದರು.

ಕಾಡು ಹಾಳಾಗುವುದಿಲ್ಲವೆ ಎಂದಿರಿ. ಈ ವಿಷಯದಲ್ಲಿ ನನಗೂ ಒಂದು ಪೂರ್ವಗ್ರಹ ಇತ್ತು, ಅದು ಮುರಿಯಿತು. 1994ರಲ್ಲಿ ಪ್ರಕಟವಾದ ಅಮೆರಿಕದ ಮೊಂಟಾನಾದ ಒಂದು ಅಧ್ಯಯನದಲ್ಲಿ ಬೆಟ್ಟದ ದಾರಿಯ ಮೇಲೆ ಕುದುರೆ, ಮೋಟಾರ್ ಸೈಕಲ್, ಸೈಕಲ್, ಮನುಷ್ಯ ನಾಲ್ಕನ್ನೂ ಓಡಾಡಿಸಿ, ಮಳೆಯಂತೆ ನೀರು ಬಿಟ್ಟು, ಎಷ್ಟು ಮಣ್ಣು ಕಿತ್ತುಬಂತು ಎಂದು ಅಳೆದರು. ಹೆಚ್ಚು ಮಣ್ಣು ಸಡಿಲಿಸಿದ್ದು ಗಾಲಿಯಲ್ಲ, ಗೊರಸು, ಕಾಲುಗಳು. ಆದರೆ ಇದನ್ನು ಹಿಡಿದುಕೊಂಡು ಸವಾರರು ಬೀಗಬೇಕಾಗಿಲ್ಲ. ಕಡಿದಾದ ಇಳಿತದಲ್ಲಿ ಹಿಂದಿನ ಬ್ರೇಕು ಪೂರ್ತಿ ಹಿಡಿದು ಗಾಲಿಯನ್ನು ದರದರ ಎಳೆದರೆ ಗೀಚು ಬೀಳುತ್ತದೆ. ಮಳೆ ಬಂದಾಗ ನೀರು ಅದೇ ಗೀಚು ಹಿಡಿದು ಇಳಿದು ವರ್ಷದೊಳಗೆ ಕೊರಕಲು ಮಾಡುತ್ತದೆ. ಬೆಟ್ಟವನ್ನು ನಿಜವಾಗಿ ಕೆಡಹುವುದು ನೀರು. 2021ರ ಆಗಸ್ಟಿನ ಒಂದು ರಾತ್ರಿಯ ಮಳೆಗೆ ನಂದಿಯ ಮಗ್ಗುಲ ಮಣ್ಣು ಕುಸಿದು ರಸ್ತೆಯೇ ಕಿತ್ತುಹೋಗಿ, ಡಿಸೆಂಬರಿನವರೆಗೆ ಬೆಟ್ಟ ಮುಚ್ಚಿತ್ತು. ಹಾಗಾಗಿ ಮಳೆ ಬಿದ್ದ ಮಾರನೆಯ ದಿನ ಮಣ್ಣಿನ ದಾರಿಯಲ್ಲಿ ಕಾಲಿನವರೂ ಬೇಡ, ಗಾಲಿಯವರೂ ಬೇಡ. ನಂದಿಯ ಹಳೆಯ ದಾರಿಗೆ ಕಲ್ಲಿನ ಮೆಟ್ಟಿಲು ಹಾಕಿದವರು ಈ ಅಧ್ಯಯನ ಓದಿರಲಿಲ್ಲ, ಆದರೆ ಮಣ್ಣಿನ ಗುಣ ಬಲ್ಲವರು.

ಮಣ್ಣಿಗಿಂತ ನನಗೆ ಹೆಚ್ಚು ಯೋಚನೆ ಪ್ರಾಣಿಗಳದು. ಸದ್ದಿಲ್ಲದ ವೇಗ ಅವಕ್ಕೆ ಅಭ್ಯಾಸವಿಲ್ಲ. 2016ರ ಜೂನಿನಲ್ಲಿ ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಬಳಿ ಕುರುಡು ತಿರುವಿನಲ್ಲಿ ಒಬ್ಬ ಸವಾರ ಕರಡಿಗೇ ಡಿಕ್ಕಿ ಹೊಡೆದು ಪ್ರಾಣ ಕಳೆದುಕೊಂಡರು. ಸಾವನದುರ್ಗ, ರಾಮನಗರದ ಬೆಟ್ಟಗಳಲ್ಲಿ ನಮ್ಮಲ್ಲೂ ಕರಡಿಗಳಿವೆ. ಮಾತಾಡುತ್ತ ನಡೆಯುವವರ ಸದ್ದು ಅವಕ್ಕೆ ಮೊದಲೇ ಕೇಳಿ ಅವು ಸರಿದುಹೋಗುತ್ತವೆ, ಸೈಕಲ್ಲಿನದು ಕೇಳುವುದಿಲ್ಲ. ನಂದಿಯ ತುದಿಯ ಕಾಡಿನಲ್ಲಿ ಹಕ್ಕಿಗಳ ಲಾಭ ಇದೆ. 1,478 ಮೀಟರ್ ಎತ್ತರದ ಆ ಮಂಜಿನ ತೋಪಿನಲ್ಲಿ ನೀಲಗಿರಿ ಕಾಡುಪಾರಿವಾಳ ಸಿಗುತ್ತದೆ; ಪಶ್ಚಿಮಘಟ್ಟದ ಹಕ್ಕಿ, ಇಷ್ಟು ಪೂರ್ವಕ್ಕೆ ಬಂದು ಕೂತಿದೆ. ಬಂಡೆ ಪೊದೆಗಳ ಇಳಿಜಾರಿನಲ್ಲಿ ಹಳದಿ ಕೊರಳಿನ ಪಿಕಳಾರ, ಜಗತ್ತಿನಲ್ಲಿ ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳಲ್ಲಿ ಮಾತ್ರ ಬದುಕುವ ಹಕ್ಕಿ. ಇವನ್ನು ನೋಡುವುದು ನಡೆಯುವವರಿಗೆ ಮಾತ್ರ ದಕ್ಕುವ ಭಾಗ್ಯ. ಹ್ಯಾಂಡಲ್ ಹಿಡಿದವನ ಕಣ್ಣು ಮುಂದಿನ ಗಾಲಿಯ ಮೇಲಿರುತ್ತದೆ.

ಅಂದಹಾಗೆ, ನಂದಿಗೆ ಗಾಲಿ ಹತ್ತಿದ್ದು ಸೈಕಲ್ಲಿನವರ ಕಾಲದಲ್ಲಲ್ಲ. 1791ರಲ್ಲಿ ಟಿಪ್ಪುವಿನ ಈ ಕೋಟೆಗೆ ಮುತ್ತಿಗೆ ಹಾಕಿದ ಇಂಗ್ಲಿಷರು ಆನೆಗಳ ನೆರವಿನಿಂದ ತೋಪುಗಳನ್ನು ಇದೇ ಇಳಿಜಾರಿನಲ್ಲಿ ಎಳೆದು ಏರಿಸಿ, ಅಕ್ಟೋಬರಿನಲ್ಲಿ ಕೋಟೆ ಹಿಡಿದರು. ಆಗ ದಾರಿ ಬಿಡು ಎಂದು ಯಾರೂ ಕೇಳಲಿಲ್ಲ.

ನಡಿಗೆಯ ನಂದಿ ನೋಡಬೇಕೆಂದರೆ ಆಷಾಢದ ಕೊನೆಯ ಸೋಮವಾರ ಹೋಗಿ. ಬುಡದ ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಯಿಂದ ಹೊರಟು ಸಾವಿರಾರು ಜನ ಬೆಟ್ಟಕ್ಕೆ ಪ್ರದಕ್ಷಿಣೆ ಬರುತ್ತಾರೆ, ಹಲವರು ಬರಿಗಾಲಿನಲ್ಲಿ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ. ಆ ದಿನ ಯಾವ ಸವಾರನೂ ನಿಮ್ಮ ಸೆರಗು ಸವರಲಾರ, ಜಾಗವೇ ಇರುವುದಿಲ್ಲ! ಅಷ್ಟು ಜನ ಬೇಡವೆಂದರೆ ವಾರದ ನಡುವೆ ಹೋಗಿ. ಸೈಕಲ್ಲಿನವರು ಆಗ ಆಫೀಸಿನಲ್ಲಿರುತ್ತಾರೆ. ರೈಲಿನ ಆಸೆ ಇದ್ದರೆ ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ನಂದಿ ಹಾಲ್ಟ್ ಎಂಬ ಪುಟ್ಟ ನಿಲ್ದಾಣವಿದೆ; ವೇಳೆಯನ್ನು ನಿಮ್ಮ ದಂಡು ನಿಲ್ದಾಣದಲ್ಲೇ ವಿಚಾರಿಸಿ. ಹತ್ತಿದ ಹಾಗೆಯೇ ಮೆಟ್ಟಿಲಲ್ಲೇ ಇಳಿಯಿರಿ. ಮಂಡಿಗೆ ಕಷ್ಟವೆಂದು ರಸ್ತೆ ಹಿಡಿದದ್ದೇ ನಿಮ್ಮ ಗಾಬರಿಗೆಲ್ಲ ಮೂಲ.

ಅದಕ್ಕೇ ಯಜಮಾನರು ಹೇಳಿದ ಕೋಲನ್ನು ಖಂಡಿತ ಒಯ್ಯಿರಿ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಮೊದಲು ಕೋಲು, ಆಮೇಲೆ ಕಾಲು. ಮಂಡಿಯ ಭಾರ ಎಷ್ಟೋ ಇಳಿಯುತ್ತದೆ. ಸೈಕಲ್ಲಿನವರ ಮೇಲೆ ಬೀಸಲು ಅದು ಬೇಡ. ಕೋತಿಗಳಿಗೂ ಬೇಡ. ನಂದಿಯ ಕೋತಿಗಳು ಕೋಲಿಗೆ ಹೆದರುವ ಕಾಲ ಮುಗಿದು ಬಹಳ ದಿನವಾಯಿತು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಚಿತ್ರಾನ್ನ ಅದರಲ್ಲೇ ಇದೆಯೆಂದು ಅವಕ್ಕೆ ಗೊತ್ತು. ಬುತ್ತಿ ಬೆನ್ನಚೀಲದೊಳಗಿರಲಿ.